ಅರ್ಧ ಟಿಕೆಟ್ಟು

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಎಂದು ಹಿರಿಯರು ಹೇಳುತ್ತಿದ್ದರು. ಗಂಡಿನ ಸಂಬಳದ ಗುಟ್ಟು ಎಂದೋ ರಟ್ಟಾಗಿ ಹೋಯಿತು. ವಯಸ್ಸಿನ ಗುಟ್ಟನ್ನು ಮಾತ್ರ ನಾವು ಹೆಂಗಸರು ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿಟ್ಟ ಹಾಗೆ ಕಾಪಾಡಿಕೊಂಡು ಬಂದಿದ್ದೇವೆ. ಮದುವೆ ಮನೆಯಲ್ಲಿ, ಅರಿಸಿನ ಕುಂಕುಮಕ್ಕೆ ಹೋದಲ್ಲಿ, ಕೊನೆಗೆ ಡಾಕ್ಟರರ ಮುಂದೆ ಕೂಡ ಒಂದೆರಡು ವರ್ಷ ಕೈಬಿಟ್ಟು ಹೇಳುವವರು ನಮ್ಮಲ್ಲಿ ಎಷ್ಟು ಜನವಿಲ್ಲ! ಇಂಥ ನಾವು ಒಂದೇ ಒಂದು ಕಡೆ ಮಾತ್ರ ವಯಸ್ಸನ್ನು ಎದೆಯುಬ್ಬಿಸಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದೆವು. ಅದು ರೈಲ್ವೆ ಸ್ಟೇಷನ್ನಿನಲ್ಲಿ ಮುಂಗಡ ಟಿಕೆಟ್ಟು ಕೊಡುವ ಕಿಂಡಿ.

ಆ ಕಿಂಡಿಯ ಮುಂದೆ ನಿಂತ ಹೆಂಗಸಿಗೆ ಅರವತ್ತು ಎಂಬುದು ಅರಳು ಮರಳಿನ ವಯಸ್ಸಾಗಿರಲಿಲ್ಲ, ಅರ್ಧ ಬೆಲೆಯ ವಯಸ್ಸಾಗಿತ್ತು. ಒಳಗಿದ್ದ ಗುಮಾಸ್ತರು ಫಾರಂ ನೋಡಿ, “ಅಮ್ಮಾ, ವಯಸ್ಸು ಸರಿಯಾಗಿ ಬರೆದಿದ್ದೀರಾ?” ಎಂದು ಕೇಳಿದರೆ, “ಬೇಕಾದರೆ ಎರಡು ವರ್ಷ ಜಾಸ್ತೀನೇ ಹಾಕ್ಕೊಳ್ಳಪ್ಪ” ಎನ್ನುವ ಉದಾರ ಬುದ್ಧಿ ಅಲ್ಲಿ ಹುಟ್ಟುತ್ತಿತ್ತು. ಟಿಕೆಟ್ಟು ಕೊಳ್ಳುವಾಗ ದಾಖಲೆ ಕೇಳುತ್ತಿರಲಿಲ್ಲ, ಪ್ರಯಾಣದಲ್ಲಿ ಟಿ.ಟಿ. ಕೇಳಿದರೆ ತೋರಿಸಬೇಕಿತ್ತು, ಅಷ್ಟೆ.

ಮನುಷ್ಯನ ಆಯುಸ್ಸಿಗೆ ರೈಲಿನವರು ಮಾಡಿದ್ದ ಲೆಕ್ಕ ನನಗೆ ಬಹಳ ಹಿಡಿಸಿತ್ತು. ಐದು ವರ್ಷದವರೆಗೆ ಟಿಕೆಟ್ಟೇ ಇಲ್ಲ. ಆಮೇಲೆ ಹನ್ನೆರಡು ತುಂಬುವವರೆಗೆ ಅರ್ಧ. ಅಲ್ಲಿಂದ ಮುಂದೆ ದುಡಿಯುವ, ಓಡಾಡುವ, ಹೆರುವ, ಹೊರುವ ವರ್ಷಗಳಿಗೆಲ್ಲ ಪೂರ್ತಿ ಟಿಕೆಟ್ಟು. ತಲೆ ಹಣ್ಣಾದ ಮೇಲೆ ಮತ್ತೆ ಅರ್ಧ. ಬದುಕಿನ ಎರಡೂ ತುದಿಯಲ್ಲಿ ಮನುಷ್ಯ ಸ್ವಲ್ಪ ಹಗುರಾಗುತ್ತಾನೆ, ಅವನ ಭಾರವನ್ನು ಉಳಿದವರು ಸ್ವಲ್ಪ ಹೊರಬೇಕು ಎಂಬ ಮಾತನ್ನು ಯಾವ ವೇದಾಂತಿಯೂ ಇಷ್ಟು ಸುಲಭವಾಗಿ ಹೇಳಿರಲಾರ. ಈಗ ಈ ಎರಡು ತುದಿಗಳೂ ಮೊದಲಿನ ಹಾಗಿಲ್ಲ. ಮಕ್ಕಳಿಗೆ ಮಲಗಲು ಬೇರೆ ಬರ್ತು ಬೇಕೆಂದರೆ 2016ರ ಏಪ್ರಿಲಿನಿಂದ ಪೂರ್ತಿ ಹಣ ಕೊಡಬೇಕು. ತಾಯಿಯ ಪಕ್ಕದಲ್ಲೇ ಮುದುಡಿಕೊಂಡರೆ ಮಾತ್ರ ಅರ್ಧ. ಇನ್ನು ಹಿರಿಯರ ತುದಿಯ ಕಥೆಯನ್ನೇ ನಾನು ಹೇಳ ಹೊರಟಿರುವುದು.

ಮೊದಲು ಹಿರಿಯ ನಾಗರಿಕರಾದ ಹೆಂಗಸರಿಗೂ ಗಂಡಸರಿಗೂ ಮೂಲ ದರದಲ್ಲಿ ನೂರಕ್ಕೆ 30ರಷ್ಟು ರಿಯಾಯಿತಿ ಇತ್ತು. ಲಾಲೂ ಪ್ರಸಾದ್ ಅವರು ರೈಲ್ವೆ ಮಂತ್ರಿಯಾಗಿದ್ದಾಗ 2008–09ರ ಬಜೆಟ್ಟಿನಲ್ಲಿ ಹೆಂಗಸರದು 50 ಆಯಿತು. ಮಮತಾ ಬ್ಯಾನರ್ಜಿ ಅವರ 2011–12ರ ಬಜೆಟ್ಟಿನಲ್ಲಿ ಗಂಡಸರದು 40ಕ್ಕೆ ಏರಿತು. ಹೆಂಗಸರ ವಯಸ್ಸಿನ ಮಿತಿ 60ರಿಂದ 58ಕ್ಕೆ ಇಳಿಯಿತು. ಹೀಗೆ ಬಹಳ ವರ್ಷಗಳ ಮೇಲೆ ಒಂದು ಕಡೆಯಾದರೂ ಹೆಂಗಸರು ಗಂಡಸರಿಗಿಂತ ಎರಡು ವರ್ಷ ಮೊದಲೇ ಹಿರಿಯರಾದರು, ಹತ್ತು ಪಾಲು ಹೆಚ್ಚು ಮರ್ಯಾದೆಯನ್ನೂ ಪಡೆದರು. “ಇದೆಲ್ಲಿಯ ನ್ಯಾಯ? ನಿಮಗೆ 50, ನಮಗೆ 40!” ಎಂದು ನಮ್ಮವರು ಪೇಪರು ಓದುತ್ತ ಗೊಣಗಿದ್ದು ನೆನಪಿದೆ. “ಮನೆಯಲ್ಲಿ ಎಷ್ಟು ಹೆಂಗಸರ ಕೈಯಲ್ಲಿ ಸ್ವಂತ ದುಡ್ಡಿರುತ್ತದೆ, ಲೆಕ್ಕ ಹಾಕಿ ಹೇಳಿ” ಎಂದೆ. ಅವರು ಮತ್ತೆ ಪೇಪರಿನೊಳಗೆ ತಲೆ ಹುದುಗಿಸಿದರು.

ಈ ಸ್ವಂತ ದುಡ್ಡಿನ ಮಾತು ಬಂದಾಗಲೆಲ್ಲ ನನಗೆ ನಮ್ಮ ದೊಡ್ಡತ್ತೆ ನೆನಪಾಗುತ್ತಾಳೆ. ಅಪ್ಪನ ಅಕ್ಕ. ಇದೇ ದಾವಣಗೆರೆಯಲ್ಲಿ ಕೊಟ್ಟಿದ್ದು. ಅವಳ ಗಂಡ ಹತ್ತಿ ಗಿರಣಿಯ ಕೆಲಸಗಾರ. ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಅವರ ಕೆಲಸವೂ ಹೋಯಿತು. ಆಮೇಲೆ ಅವರೂ ಹೆಚ್ಚು ದಿನ ಉಳಿಯಲಿಲ್ಲ. ಪಿಂಚಣಿ ಎಂಬುದು ದೊಡ್ಡತ್ತೆಗೆ ಪಕ್ಕದ ಮನೆಯವರ ಬಾಯಲ್ಲಿ ಕೇಳಿ ಗೊತ್ತಿದ್ದ ಶಬ್ದ ಅಷ್ಟೆ. ಶಾವಿಗೆ ಹೊಸೆದು, ಹಪ್ಪಳ ಒತ್ತಿ, ಖಾರದ ಪುಡಿ ಕುಟ್ಟಿ ಕೊಟ್ಟು ಮಗನನ್ನು ಬೆಳೆಸಿದಳು. ಮಗ ಒಳ್ಳೆಯವನು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ತಾಯಿಗೆ ಊಟ, ಸೀರೆ, ಔಷಧಿ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಊಟ ಸೀರೆ ಔಷಧಿಗಳ ಪಟ್ಟಿಯಲ್ಲಿ ಸೇರದ ಕೆಲವು ಆಸೆಗಳಿರುತ್ತವಲ್ಲ, ಅವಕ್ಕೆ ಕೈ ಚಾಚುವುದೆಂದರೆ ದೊಡ್ಡತ್ತೆಗೆ ನಾಲಗೆ ಒಣಗುತ್ತಿತ್ತು.

ಅವಳಿಗಿದ್ದ ಅಂಥ ಆಸೆ ಒಂದೇ. ವರ್ಷಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ತಂಗಿಯನ್ನು, ಎಂದರೆ ನಮ್ಮ ಸಣ್ಣತ್ತೆಯನ್ನು ನೋಡಿ ಬರುವುದು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಒಬ್ಬಳನ್ನು ಇಲ್ಲಿ, ಒಬ್ಬಳನ್ನು ಅಲ್ಲಿ ಕೊಟ್ಟರು. ಮಕ್ಕಳು, ಬಾಣಂತನ, ಅತ್ತೆ ಮಾವ ಎಂದು ಮೂವತ್ತು ವರ್ಷ ಒಬ್ಬರ ಮುಖ ಒಬ್ಬರು ಮದುವೆ ಮುಂಜಿಯಲ್ಲಿ ಮಾತ್ರ ನೋಡಿದ್ದು. ವಯಸ್ಸಾದ ಮೇಲೆ ಬಿಡುವು ಸಿಕ್ಕಿತು. ಆದರೆ ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಹಾಗೆ, ಬಿಡುವಿದ್ದಾಗ ದುಡ್ಡಿಲ್ಲ.

2008ರಲ್ಲಿ ಅರ್ಧ ಟಿಕೆಟ್ಟು ಬಂದಾಗ ಮತದಾರರ ಚೀಟಿಯ ಪ್ರಕಾರ ಅವಳಿಗೆ 61. ನಾನೇ ಫಾರಂ ತುಂಬಿಕೊಟ್ಟೆ. “ಅರ್ಧ ಅಂದ್ರೆ ಅರ್ಧಾನೇ ಏನವ್ವಾ? ಕೂರೋಕೂ ಅರ್ಧ ಜಾಗ ಕೊಡ್ತಾರೋ ಹೆಂಗೆ?” ಎಂದು ಕೇಳಿದ್ದಳು. ಪೂರ್ತಿ ಬರ್ತು, ಅದೂ ಕೆಳಗಿನದು ಎಂದಾಗ ನಂಬಲಿಲ್ಲ. ಅಲ್ಲಿಂದ ಪ್ರತಿ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಅವಳ ಪ್ರಯಾಣ ತಪ್ಪಲಿಲ್ಲ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೇ ಹುಬ್ಬಳ್ಳಿ, ಗದಗ, ಬಾಗಲಕೋಟೆ ಹಾಯ್ದು ಹೋಗುತ್ತದೆ. ರಾತ್ರಿ ಹತ್ತಿಸಿ ಬಂದರೆ ಎಲ್ಲಿಯೂ ಇಳಿದು ಹತ್ತುವ ತಾಪತ್ರಯವಿಲ್ಲ. ಶ್ರಾವಣದಿಂದಲೇ ಅವಳು ಟಿಕೆಟ್ಟಿಗೆ ಹಣ ಕೂಡಿಡುತ್ತಿದ್ದಳು. ಎಲೆಯಡಿಕೆ ಸಂಚಿಯ ಒಳಮಡಿಕೆಯಲ್ಲಿ ಹತ್ತರ, ಇಪ್ಪತ್ತರ ನೋಟುಗಳು ಸುಣ್ಣದ ವಾಸನೆಯೊಂದಿಗೆ ಸುರುಳಿಯಾಗಿ ಕೂತಿರುತ್ತಿದ್ದವು. ಸಂಕ್ರಾಂತಿಗೆ ಮುಂಚೆ ಆ ಸುರುಳಿಯನ್ನು ನನ್ನ ಮುಂದೆ ಬಿಚ್ಚುವಾಗ ಅವಳ ಮುಖದಲ್ಲಿದ್ದ ಕಳೆಯನ್ನು ಹೇಗೆ ಹೇಳಲಿ? ಮಗನನ್ನು ಕೇಳಿಲ್ಲ, ಸೊಸೆಯನ್ನು ಕೇಳಿಲ್ಲ, ಯಾರ ಹಂಗೂ ಇಲ್ಲ. ತನ್ನ ತಂಗಿಯ ಮನೆಗೆ ತನ್ನ ದುಡ್ಡಿನಲ್ಲಿ ಹೋಗುತ್ತಿದ್ದಾಳೆ.

ಪುರುಷರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಓದುತ್ತಿರುವ ನಿಮಗೆ ಹಾಗೆ ಅನ್ನಿಸುವುದಿಲ್ಲ ಎಂದು ಬಲ್ಲೆ. ಎಲ್ಲಿಗೆ, ಯಾಕೆ, ಎಷ್ಟು ದಿನ, ಯಾರ ಜೊತೆ, ಎಷ್ಟು ಖರ್ಚು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಕೊಡದೆ ನಮ್ಮಲ್ಲಿ ಹೊಸ್ತಿಲು ದಾಟಿದ ಹೆಂಗಸು ಯಾರು? ಅರ್ಧ ಟಿಕೆಟ್ಟು ಆ ಐದರಲ್ಲಿ ಕೊನೆಯ ಪ್ರಶ್ನೆಯನ್ನು ಅಳಿಸಿ ಹಾಕಿತ್ತು. ಕೊನೆಯದು ಅಳಿಸಿದರೆ ಮೊದಲಿನ ನಾಲ್ಕು ತಾವಾಗಿಯೇ ಮೆತ್ತಗಾಗುತ್ತವೆ.

ಆ ವರ್ಷಗಳಲ್ಲಿ ನಾನೂ ರಜೆಯಲ್ಲಿ ರೈಲು ಹತ್ತಿದಾಗ ನೋಡುತ್ತಿದ್ದೆ. ಸ್ಲೀಪರ್ ಬೋಗಿಯ ಕೆಳಗಿನ ಬರ್ತುಗಳಲ್ಲೆಲ್ಲ ದೊಡ್ಡತ್ತೆಯಂಥವರೇ. ಒಬ್ಬಾಕೆ ಮುಂಬಯಿಯ ಮಗಳ ಬಾಣಂತನಕ್ಕೆ ಅಂಟಿನುಂಡೆ ಡಬ್ಬಿ ಹೊತ್ತು ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟವರು. ಇನ್ನೊಬ್ಬಾಕೆ ಬೆಂಗಳೂರಿನ ಮಗನ ಮನೆಯಲ್ಲಿ ತಿಂಗಳು ಪೂರ್ತಿ ಇರಲಾರದೆ ಹುಬ್ಬಳ್ಳಿಗೆ ಮರಳುತ್ತಿರುವವರು. ವೈರಿನ ಬುಟ್ಟಿ, ನೀರಿನ ಚೊಂಬು, ಮಡಿಸಿದ ಹಳೆಯ ಕೌದಿ. ಅರಸೀಕೆರೆ ದಾಟುವುದರೊಳಗೆ ಪರಿಚಯವಾಗಿ, ಬೀರೂರಿನಲ್ಲಿ ಬುತ್ತಿ ಬಿಚ್ಚಿ, ಚಿಕ್ಕಜಾಜೂರಿನ ಹೊತ್ತಿಗೆ ಸೊಸೆಯಂದಿರ ವಿಚಾರಕ್ಕೆ ಇಳಿದಿರುತ್ತಿದ್ದರು. ಸೊಸೆಯಂದಿರ ಮೇಲೆ ಎಷ್ಟು ದೂರಿದರೂ ಇಳಿಯುವಾಗ ಮನಸ್ಸು ಹಗುರಾಗಿ ಇಳಿಯುತ್ತಿದ್ದರಲ್ಲ, ಅದರಿಂದ ಎಷ್ಟು ಮನೆಗಳ ಜಗಳ ತಪ್ಪಿತೋ! ಅದರ ಲೆಕ್ಕವನ್ನು ರೈಲ್ವೆ ಇಲಾಖೆ ಯಾವ ಬಜೆಟ್ಟಿನಲ್ಲೂ ತೋರಿಸಿಲ್ಲ.

ನನ್ನ ಪಾಲಿಗೆ ಈ ರಿಯಾಯಿತಿ ಒಂದು ಕಾಯುವ ಹಬ್ಬವಾಗಿತ್ತು. ನನ್ನ ಹುಟ್ಟಿದ ದಿನ ಶಾಲೆಯ ದಾಖಲೆಯ ಪ್ರಕಾರ ಜೂನ್ 1. ನಿಜವಾಗಿ ಹುಟ್ಟಿದ್ದು ಯಾವಾಗಲೋ, ಅಮ್ಮನಿಗೆ ಗೊತ್ತಿದ್ದದ್ದು “ಆ ವರ್ಷ ಶೇಂಗಾ ಕೀಳುವಾಗ” ಎಂಬುದಷ್ಟೇ. ಶಾಲೆಗೆ ಸೇರಿಸಿದ ದಿನ ಹೆಡ್ಮಾಸ್ತರರು ಶಾಲೆ ಶುರುವಾಗುವ ತಾರೀಖನ್ನೇ ಹುಟ್ಟಿದ ತಾರೀಖು ಮಾಡಿಬಿಟ್ಟರು. ನಮ್ಮ ತಲೆಮಾರಿನ ಮೇಷ್ಟ್ರು ಮೇಡಮ್ಮುಗಳಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ 1ರಂದೇ! ಅಂತೂ ಆ ದಾಖಲೆಯಂತೆ 2025ರ ಜೂನ್ 1ಕ್ಕೆ ನನಗೆ 58. ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಅರ್ಧ ಟಿಕೆಟ್ಟು. ಕಾಶಿ, ಹರಿದ್ವಾರ, ಪುರಿ ಎಂದು ಮನಸ್ಸಿನಲ್ಲೇ ಪಟ್ಟಿ ಹಾಕಿಕೊಂಡಿದ್ದೆ.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಮ್ಮೆ ಲೆಕ್ಕ ಮಾಡಿ ತೋರಿಸಿದ್ದರು. ಸ್ಲೀಪರಿನಲ್ಲಿ ಒಂದು ಊರಿಗೆ ಮೂಲ ದರ 400 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಕಾಯ್ದಿರಿಸುವ ಶುಲ್ಕ 20. ರಿಯಾಯಿತಿ ಮೂಲ ದರಕ್ಕೆ ಮಾತ್ರ, ಈ 20ಕ್ಕೆ ಅಲ್ಲ. ಆಗ ಹೆಂಡತಿಗೆ 220, ಗಂಡನಿಗೆ 260, ಒಟ್ಟು 480. ರಿಯಾಯಿತಿ ಇಲ್ಲದಿದ್ದರೆ 840. ಹೋಗಿ ಬರುವುದಕ್ಕೆ ಉಳಿತಾಯ 720 ರೂಪಾಯಿ. “ಗಂಡನನ್ನು ಮನೆಯಲ್ಲೇ ಬಿಟ್ಟು ಹೋದರೆ ಇನ್ನೂ ಲಾಭ” ಎಂದು ನಮ್ಮ ಹಿಂದಿ ಮೇಡಂ ಹೇಳಿದಾಗ ಗಂಟೆ ಹೊಡೆದದ್ದೂ ಕೇಳಿಸದ ಹಾಗೆ ನಕ್ಕಿದ್ದೆವು.

ಹಾಗೆ ನಕ್ಕವರಿಗೆ 2020ರ ಮಾರ್ಚ್ ತಿಂಗಳು ಬಂತು. ಕರೋನಾ ಕಾಲಿಟ್ಟ ದಿನಗಳು. ಮಾರ್ಚ್ 20ರಿಂದ ಹಿರಿಯರ ರಿಯಾಯಿತಿ ನಿಲ್ಲಿಸಿದ್ದೇವೆ ಎಂದರು. ವಯಸ್ಸಾದವರು ಅನಾವಶ್ಯಕವಾಗಿ ಓಡಾಡದಿರಲಿ ಎಂಬುದು ಕಾರಣ. ಸರಿಯೇ ಎನ್ನಿಸಿತು. ರಿಯಾಯಿತಿ ಮಾತ್ರವೇನು, ಒಂದೆರಡು ದಿನಗಳಲ್ಲಿ ರೈಲುಗಳೇ ನಿಂತವು. ಜೀವ ಉಳಿದರೆ ಸಾಕು ಎಂದು ಎಲ್ಲರೂ ಒಳಗೆ ಸೇರಿಕೊಂಡೆವು. ಆಮೇಲೆ ವಿಶೇಷ ರೈಲುಗಳೆಂದು ಕೆಲವು ಓಡಿದವು. 2021ರ ನವೆಂಬರಿನಲ್ಲಿ ರೈಲುಗಳಿಗೆ ಹಳೆಯ ನಂಬರುಗಳು ಮರಳಿದವು. ಮುಂದೆ ಮುಸುಕು ಹೋಯಿತು, ಹೊದಿಕೆ ದಿಂಬುಗಳು ಬಂದವು, ಬುತ್ತಿ ಬಿಚ್ಚುವವರೂ ಬಂದರು. ಹಿರಿಯರ ರಿಯಾಯಿತಿ ಮಾತ್ರ ಬರಲಿಲ್ಲ. 2025 ಮುಗಿಯುತ್ತ ಬಂದಾಗಲೂ ಬರಲಿಲ್ಲ. ರೋಗಕ್ಕೆಂದು ಹೊರಗಿಟ್ಟ ಚಪ್ಪಲಿಯನ್ನು ರೋಗ ಹೋದ ಮೇಲೆ ಒಳಗೆ ತರಲು ಮರೆತ ಹಾಗಾಯಿತು ಎಂದುಕೊಂಡೆ. ಆದರೆ ಇದು ಮರೆವಲ್ಲ, ಲೆಕ್ಕಾಚಾರ ಎಂದು ಬರಬರುತ್ತ ತಿಳಿಯಿತು.

ಲೆಕ್ಕಾಚಾರವನ್ನೂ ಹೇಳಿಬಿಡುತ್ತೇನೆ, ಒಂದೇ ಕಡೆಯ ಮಾತಾಡಬಾರದಲ್ಲ. ರೈಲ್ವೆ ಮಂತ್ರಿ ಅಶ್ವಿನಿ ವೈಷ್ಣವ್ ಅವರು ಪಾರ್ಲಿಮೆಂಟಿನಲ್ಲಿ ಹೇಳುತ್ತ ಬಂದದ್ದು ಇಷ್ಟು: 100 ರೂಪಾಯಿ ಖರ್ಚು ಬೀಳುವ ಪ್ರಯಾಣಕ್ಕೆ ನಾವು ಪ್ರಯಾಣಿಕರಿಂದ ಪಡೆಯುವುದೇ 54 ರೂಪಾಯಿ, ಹೀಗೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಸರಾಸರಿ ನೂರಕ್ಕೆ 46ರ ರಿಯಾಯಿತಿ ಸಿಕ್ಕೇ ಇದೆ, 2022–23ರಲ್ಲಿ ಇದರ ಮೊತ್ತ 56,993 ಕೋಟಿ ರೂಪಾಯಿ. ಅಂಗವಿಕಲರ ನಾಲ್ಕು ವರ್ಗಗಳಿಗೆ, ಹನ್ನೊಂದು ಬಗೆಯ ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ಬೇರೆ ರಿಯಾಯಿತಿಯೂ ಮುಂದುವರಿದಿದೆ. ಈ ಮಾತುಗಳಲ್ಲಿ ಸುಳ್ಳಿಲ್ಲ. ಮನೆ ನಡೆಸಿದ ಹೆಂಗಸರಿಗೆ ನಷ್ಟದ ಬೇನೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಇನ್ನೊಂದು ಕಡೆಯ ಅಂಕಿಗಳೂ ಇವೆ. ಹಿರಿಯರ ರಿಯಾಯಿತಿಯಿಂದ ರೈಲ್ವೆಗೆ 2019–20ರಲ್ಲಿ ಕೈತಪ್ಪಿದ ಹಣ 1,667 ಕೋಟಿ. ನಿಲ್ಲಿಸಿದ ಮೇಲೆ, 2025ರ ಫೆಬ್ರವರಿ ಕೊನೆಯವರೆಗಿನ ಸುಮಾರು ಐದು ವರ್ಷಗಳಲ್ಲಿ ಹಿರಿಯರಿಂದ ಹೆಚ್ಚುವರಿಯಾಗಿ ಬಂದದ್ದು ಸುಮಾರು 8,913 ಕೋಟಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಉತ್ತರ ಸಿಕ್ಕಿತು. 8,913 ಕೋಟಿ ಎಂದರೆ ನನ್ನ ತಲೆಗೆ ಹತ್ತುವುದಿಲ್ಲ. ಅದರೊಳಗೆ ಎಷ್ಟು ಎಲೆಯಡಿಕೆ ಸಂಚಿಗಳಿವೆ ಎಂಬುದು ಮಾತ್ರ ಹೊಳೆಯುತ್ತದೆ.

ಎಲ್ಲ ಹಿರಿಯರಿಗೂ ಕೊಡಲೇಬೇಕು ಎಂದು ನಾನು ಹಟ ಹಿಡಿಯುವವಳಲ್ಲ. ಎ.ಸಿ. ಮೊದಲ ದರ್ಜೆಯಲ್ಲಿ ಹೋಗುವ ಯಜಮಾನರಿಗೆ ಅರ್ಧ ಟಿಕೆಟ್ಟು ಯಾಕೆ? 2017ರಲ್ಲಿ ಅನುಕೂಲಸ್ಥರು ರಿಯಾಯಿತಿಯನ್ನು ಪೂರ್ತಿಯಾಗಿಯೋ ಅರ್ಧವೋ ತಾವಾಗಿ ಬಿಟ್ಟುಕೊಡಬಹುದು ಎಂಬ ಏರ್ಪಾಡನ್ನೂ ಮಾಡಿದ್ದರು, ಬಿಟ್ಟುಕೊಟ್ಟವರೂ ಇದ್ದರು. ನಾನೂ ಸಂಬಳ ಬರುವವಳು, ಬೇಡವೆನ್ನಲು ನನಗೇನೂ ಕಷ್ಟವಿಲ್ಲ. ಪಾರ್ಲಿಮೆಂಟಿನ ರೈಲ್ವೆ ಸ್ಥಾಯಿ ಸಮಿತಿಯೇ ಕೊನೇಪಕ್ಷ ಸ್ಲೀಪರಿಗೂ ಎ.ಸಿ. ಮೂರನೇ ದರ್ಜೆಗೂ ಮರಳಿ ಕೊಡುವುದನ್ನು ಯೋಚಿಸಿ ಎಂದು ಶಿಫಾರಸು ಮಾಡಿತು. ಇದು ನನಗೆ ಮನೆ ನಡೆಸುವವರ ಬುದ್ಧಿಯಂತೆ ಕಂಡಿತು. ಹಾಲು ಕಡಿಮೆ ಬಿದ್ದ ದಿನ ಎಲ್ಲರ ಲೋಟವನ್ನೂ ಕಸಿದುಕೊಳ್ಳುವುದಿಲ್ಲ. ಮಗುವಿಗೂ ಮುದುಕಿಗೂ ಇಟ್ಟು ಉಳಿದವರು ಕರೀ ಕಾಫಿ ಕುಡಿಯುತ್ತೇವೆ.

ತಮಾಷೆಯೆಂದರೆ ವಯಸ್ಸಾಗಿದೆ ಎಂಬುದನ್ನು ರೈಲಿನವರು ಈಗಲೂ ಒಪ್ಪುತ್ತಾರೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಎಂದು ಸ್ಲೀಪರ್ ಬೋಗಿಗೆ ಆರೇಳು ಕೆಳಗಿನ ಬರ್ತುಗಳನ್ನು ತೆಗೆದಿಡುತ್ತಾರೆ. ಅದಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಮೊಣಕಾಲಿಗೆ ವಯಸ್ಸಾಗುತ್ತದೆ, ಸಂಚಿಗೆ ಆಗುವುದಿಲ್ಲ ಎಂದರೆ ಹೇಗೆ?

ದೊಡ್ಡತ್ತೆ ಕಡೆಯ ಬಾರಿ ಅರ್ಧ ಟಿಕೆಟ್ಟಿನಲ್ಲಿ ವಿಜಯಪುರಕ್ಕೆ ಹೋದದ್ದು 2020ರ ಸಂಕ್ರಾಂತಿಗೆ. 2021ರಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. 2022ರಲ್ಲಿ ಸುರುಳಿ ಬಿಚ್ಚಿ ನನ್ನ ಮುಂದಿಟ್ಟಳು. ರಿಯಾಯಿತಿ ಇಲ್ಲ, ಇದು ಬರೀ ಹೋಗುವುದಕ್ಕೆ ಆದೀತು ಎಂದೆ. ಉಳಿದದ್ದು ನಾನು ಹಾಕುತ್ತೇನೆ ಎಂದರೆ ಸುತರಾಂ ಒಪ್ಪಲಿಲ್ಲ. ರೋಗಿಗಳಿಗೆ ಮಾತ್ರ ಉಂಟಂತೆ ಎಂದು ಬಾಯಿ ತಪ್ಪಿ ಅಂದಾಗ, “ಹಂಗಾದ್ರೆ ಒಳ್ಳೇದೊಂದು ರೋಗ ಬರಲಿ ಅಂತ ಬೇಡ್ಕಳನಾ?” ಎಂದಳು. ನಗುವುದೋ ಅಳುವುದೋ ತಿಳಿಯಲಿಲ್ಲ. ನೋಟುಗಳನ್ನು ಮತ್ತೆ ಸುರುಳಿ ಸುತ್ತಿ ಸಂಚಿಗೆ ಸೇರಿಸಿದಳು. ಮನೆಯಲ್ಲಿ ಮೊಮ್ಮಗ ಮೊಬೈಲಿನಲ್ಲಿ ಸಣ್ಣತ್ತೆಯ ಮುಖ ತೋರಿಸಿದ. “ಈಗ ನೋಡಿದೆಯಲ್ಲ ಅಜ್ಜಿ, ಇನ್ಯಾಕೆ ಹೋಗಬೇಕು?” ಎಂದ. ದೊಡ್ಡತ್ತೆ ಆ ಗಾಜನ್ನು ಬೆರಳಿನಿಂದ ಸವರಿದಳು. ಸವರಿದೊಡನೆ ತಂಗಿಯ ಮುಖ ಸರಿದು ಹೋಗಿ ಬೇರೇನೋ ಬಂತು.

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಶಕ್ತಿ ಯೋಜನೆ ಬಂತು. ನಾನು ಓಡಿ ಹೋಗಿ ಹೇಳಿದೆ. ಅರ್ಧವೇನು, ಪೂರ್ತಿಯೇ ಬಿಟ್ಟಿ! ಆಧಾರ್ ಕಾರ್ಡು ಹಿಡಿದು ದೊಡ್ಡತ್ತೆ ಹೊರಟಳು, ಹೋಗಿ ಬಂದಳು. ಬಂದ ಮೇಲೆ ನಾಲ್ಕು ದಿನ ಜ್ವರ, ಉರಿಮೂತ್ರ. ಆಸ್ಪತ್ರೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: “ಬಸ್ಸು ಬಿಟ್ಟಿ ನಿಜ ಕಣವ್ವಾ. ಆದ್ರೆ ನೀರು ಕುಡಿಯೋ ಹಂಗಿಲ್ಲ.” ದಾರಿಯುದ್ದಕ್ಕೂ ಗಂಟಲು ಒಣಗಿಸಿಕೊಂಡು ಕೂತಿದ್ದಳು. ಬಸ್ಸು ನಿಂತ ಕಡೆ ಇಳಿಯಲು ಮೊಣಕಾಲು ಬಾರದು. ಇಳಿದು ಬರುವುದರೊಳಗೆ ಬಸ್ಸು ಹೊರಟರೆ ಎಂಬ ದಿಗಿಲು. ಕೆಲವು ಕಡೆ ಇಳಿದರೂ ಹೋಗುವ ಜಾಗ ಇರುವುದಿಲ್ಲ. ಎಷ್ಟೇ ಗಲೀಜಿರಲಿ, ರೈಲಿನ ಬೋಗಿಯ ತುದಿಯಲ್ಲಿ ಒಂದು ಬಾಗಿಲಿರುತ್ತದೆ. ವಯಸ್ಸಾದ ಹೆಂಗಸರಿಗೆ ರೈಲು ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಅದೇ. ಇದನ್ನು ಸಭೆಯಲ್ಲಿ ನಿಂತು ಹೇಳಲು ನಮಗೆ ನಾಚಿಕೆ. ಹೇಳದೆ ಇರುವುದರಿಂದಲೇ ಯಾರಿಗೂ ತಿಳಿಯುವುದಿಲ್ಲ. ಉಚಿತ ಬಸ್ಸಿನಿಂದ ಕೆಲಸಕ್ಕೆ, ಸಂತೆಗೆ, ದೇವಸ್ಥಾನಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಆಗಿರುವ ಉಪಕಾರವನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಎಂಟು ಹತ್ತು ಗಂಟೆಯ ದಾರಿಗೆ ಅದು ಎಪ್ಪತ್ತೈದು ದಾಟಿದ ದೇಹದ ವಾಹನವಲ್ಲ.

2024ರ ಕೊನೆಗೆ ಸಣ್ಣತ್ತೆ ಬಿದ್ದು ಸೊಂಟ ಮುರಿದುಕೊಂಡಳು. ಮಲಗಿದಲ್ಲೇ ಎಲ್ಲ. 2025ರ ದೀಪಾವಳಿ ಕಳೆದ ಮೇಲೆ ಅವಳ ಮಗನ ಫೋನು ಬಂತು: “ಅಕ್ಕನ್ನ ಕರಸರಿ, ಅಕ್ಕನ್ನ ಕರಸರಿ ಅಂತಾಳ.” ನಾನು ನಾಲ್ಕು ದಿನ ರಜೆ ಹಾಕಿ ನನಗೂ ದೊಡ್ಡತ್ತೆಗೂ ಟಿಕೆಟ್ಟು ಮಾಡಿಸಿದೆ. ಅರ್ಧ ಟಿಕೆಟ್ಟಿನ ವಯಸ್ಸು ನನಗೂ ಆಗಿತ್ತು. ಗುಮಾಸ್ತರು ಫಾರಂ ನೋಡಿ ಏನೂ ಕೇಳದೆ ಪೂರ್ತಿ ಹಣ ಎಣಿಸಿಕೊಂಡರು. ಜುಲೈ ತಿಂಗಳಿನಲ್ಲಿ ದರವೂ ಸ್ವಲ್ಪ ಏರಿತ್ತು.

ಟಿಕೆಟ್ಟು ತೆಗೆದುಕೊಂಡು ಹೋಗಿ ದೊಡ್ಡತ್ತೆಗೆ ತೋರಿಸಿದೆ. “ಎಷ್ಟಾಯ್ತು?” ಎಂದಳು. ಎಷ್ಟೋ ಆಯಿತು ಬಿಡು, ನಾನು ನಿನ್ನ ಮಗಳಲ್ಲವಾ ಎಂದೆ. “ಮಗಳು ಹೌದು. ಚಾರ್ಜು ಎಷ್ಟಾಯ್ತು ಹೇಳು.” ಹೇಳಿದೆ. ಗೋಡೆಗೊರಗಿ ಕೂತು ಸಂಚಿ ಬಿಚ್ಚಿದಳು. ಸಂಧ್ಯಾ ಸುರಕ್ಷೆಯ ತಿಂಗಳ 1,200 ರೂಪಾಯಿಯಲ್ಲಿ ಔಷಧಿಗೆ, ಮೊಮ್ಮಕ್ಕಳ ತಿಂಡಿಗೆ ಕೊಟ್ಟು ಉಳಿಸಿದ್ದ ನೋಟುಗಳು. ಬೆರಳಿಗೆ ಎಂಜಲು ಹಚ್ಚಿಕೊಂಡು ಎರಡು ಸಲ ಎಣಿಸಿ ನನ್ನ ಕೈಗಿಟ್ಟಳು.

“ಇದು ಅರ್ಧ. ಮೇಲೆ ರಿಸರ್ವೇಷನ್ನಿಂದು ಇಪ್ಪತ್ತು ರೂಪಾಯಿ ಪೂರ್ತಿ ಇಟ್ಟೀನಿ. ಅದಕ್ಕೆ ಮೊದ್ಲಿಂದ್ಲೂ ಮಾಫಿ ಇರ್ಲಿಲ್ಲ. ಇನ್ನರ್ಧ ನಂದಲ್ಲ, ಸರ್ಕಾರದ್ದು. ಅವರು ಕೊಡೋ ತನಕ ನೀನು ಹಾಕು. ಬರೆದಿಟ್ಕೋ, ಮರೀಬೇಡ.”

ಹದಿನೇಳು ವರ್ಷಗಳ ಹಿಂದೆ ನಾನು ಒಮ್ಮೆ ಹೇಳಿದ್ದ ಲೆಕ್ಕ! ಅದನ್ನು ಒಂದು ಪೈಸೆ ತಪ್ಪದೆ ಇಟ್ಟುಕೊಂಡಿದ್ದಳು. ನಾನು ಮರುಮಾತಾಡದೆ ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಅವಳು ರೈಲು ಹತ್ತುತ್ತಿರಲಿಲ್ಲ.

ಆ ರಾತ್ರಿ ಇಬ್ಬರಿಗೂ ಎದುರುಬದುರು ಕೆಳಗಿನ ಬರ್ತು ಸಿಕ್ಕಿತ್ತು. ದೊಡ್ಡತ್ತೆ ಎರಡು ಸಲ ನೀರು ಕುಡಿದಳು, ಮೂರು ಸಲ ಎದ್ದು ಹೋಗಿ ಬಂದಳು. ಬೆಳಗ್ಗೆ ವಿಜಯಪುರದಲ್ಲಿ ಇಳಿದು ಮನೆ ಸೇರಿದಾಗ ಸಣ್ಣತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದೊಡ್ಡತ್ತೆ ಏನೂ ಮಾತಾಡದೆ ಹಾಸಿಗೆಯ ಮೇಲೆ ಕೂತು, ತಂಗಿಯ ಜಡೆ ಬಿಚ್ಚಿ, ಸಿಕ್ಕು ಬಿಡಿಸತೊಡಗಿದಳು. ಸಣ್ಣತ್ತೆ ಮುಖ ತಿರುಗಿಸದೆಯೇ, “ಬಂದಿ ಏನಬೆ ಅಕ್ಕಾ? ಎಷ್ಟ್ ತಡಾ ಮಾಡಿದಿ!” ಎಂದಳು. ಬೆರಳಿನ ಸ್ಪರ್ಶದಿಂದಲೇ ಗುರುತು ಹಿಡಿದಿದ್ದಳು. ಮೊಬೈಲಿನ ಗಾಜಿನಲ್ಲಿ ತಲೆ ಬಾಚಲು ಬರುವುದಿಲ್ಲ.

ಎರಡು ಹಗಲು ಅಕ್ಕತಂಗಿಯರು ಏನೇನು ಮಾತಾಡಿಕೊಂಡರೋ ನಾನು ಕೇಳಿಸಿಕೊಳ್ಳಲಿಲ್ಲ. ಬರುವಾಗ ಸಣ್ಣತ್ತೆಯ ಸೊಸೆ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು. “ಸಂಕ್ರಾಂತಿಗೆ ಬರ್ತೀನಿ” ಎಂದು ದೊಡ್ಡತ್ತೆ ತಂಗಿಗೆ ಭಾಷೆ ಕೊಟ್ಟಳು.

ನನ್ನ ಶಾಲೆಯ ಡೈರಿಯ ಕೊನೆಯ ಪುಟದಲ್ಲಿ, ಹಾಲಿನವನದು ಇಷ್ಟು, ಚೀಟಿಯದು ಇಷ್ಟು ಎಂದು ಬರೆಯುವ ಜಾಗದ ಕೆಳಗೆ, ಅವಳು ಹೇಳಿದ ಹಾಗೆಯೇ ಬರೆದಿಟ್ಟಿದ್ದೇನೆ: ದೊಡ್ಡತ್ತೆಯ ವಿಜಯಪುರದ ಟಿಕೆಟ್ಟು, ಹೋಗಿ ಬರುವುದಕ್ಕೆ, ಅರ್ಧ ಸಂದಾಯ. ಇನ್ನರ್ಧ ಸರ್ಕಾರದಿಂದ ಬರಬೇಕಾದ್ದು. ಅದರ ಕೆಳಗೆ ಎರಡು ಗೆರೆ ಬಿಟ್ಟಿದ್ದೇನೆ, ಸಂಕ್ರಾಂತಿಯ ಲೆಕ್ಕ ಬರೆಯುವುದಕ್ಕೆ.